ಚಿತ್ರಕಥೆಯ ಸೋಲುವ ತಂಡ ಯಾವಾಗ ಗೆಲ್ಲಬೇಕು?

ಪದವಿನ ಪೆನ್ಸಿಲ್

ಎಲ್ಲರಿಗೂ ನಮಸ್ಕಾರ. ನಮ್ಮೂರ ಗ್ರಂಥಾಲಯದ ಕೈಬರಹ ಪತ್ರಿಕೆಗೆ ನಾನೊಂದು ಫುಟ್ಬಾಲ್ ಚಿತ್ರಕಥೆ ಬಿಡಿಸುತ್ತಿದ್ದೇನೆ. ಅದರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಕಥೆ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಒಂದು ಕ್ಲಬ್ಬಿನದು. ಕ್ಲಬ್ ಪೂರ್ತಿ ಕಲ್ಪನೆ. ಹೆಸರು ಇಟ್ಟಿಲ್ಲ, ಕಥೆಯಲ್ಲಿ ಎಲ್ಲರೂ 'ನಮ್ಮ ಕ್ಲಬ್' ಅಂತಲೇ ಹೇಳುತ್ತಾರೆ. ಪದವಿನ ಮೇಲೆ, ಅಂದರೆ ಮುರಕಲ್ಲಿನ (ಕೆಂಪು ಕಲ್ಲಿನ) ಬಯಲುಗುಡ್ಡದ ಮೇಲೆ ಮೈದಾನ. ಮಳೆಗಾಲದಲ್ಲಿ ಮಾತ್ರ ಹುಲ್ಲು, ಉಳಿದ ದಿನ ಕೆಂಪು ಧೂಳು. ಜಾರಿ ಬಿದ್ದರೆ ಮೊಣಕಾಲಿನ ಚರ್ಮ ಮುರಕಲ್ಲಿಗೇ ಹೋಯಿತು. ಗೋಲು ಕಂಬ ಅಡಿಕೆ ಮರದ್ದು. ಬಲೆ ಕುಂಬಳೆ ಕಡಪ್ಪುರದಿಂದ (ಕಡಲ ತೀರದಿಂದ) ಯಾರೋ ಕೊಟ್ಟ ಹಳೇ ಮೀನಿನ ಬಲೆ. ಈ ತಂಡ ಸೆವೆನ್ಸ್ ಟೂರ್ನಮೆಂಟಿಗೆ, ಅಂದರೆ ತಂಡಕ್ಕೆ ಏಳೇ ಜನ ಆಡುವ ಫುಟ್ಬಾಲಿಗೆ, ಹೋಗುತ್ತದೆ, ಮೊದಲ ಸುತ್ತಿನಲ್ಲೇ ಸೋತು ಬರುತ್ತದೆ. ಒಮ್ಮೆ ಪೆನಾಲ್ಟಿಯಲ್ಲಿ. ಒಮ್ಮೆ ಕೊನೆ ನಿಮಿಷದ ಗೋಲಿನಿಂದ. ಒಮ್ಮೆ ಬಸ್ಸು ತಪ್ಪಿ ಆರೇ ಜನ ತಲುಪಿದ್ದರಿಂದ.

ಓದುವವರು ಹೆಚ್ಚಾಗಿ ಐದರಿಂದ ಎಂಟನೇ ಕ್ಲಾಸಿನ ಮಕ್ಕಳು. ಅವರು ಈಗ ಪಟ್ಟು ಹಿಡಿದಿದ್ದಾರೆ: ಯಾವಾಗ ಕಪ್ ಗೆಲ್ಲಿಸುತ್ತೀರಿ?

ನನ್ನ ಮನಸ್ಸಿನಲ್ಲಿರುವುದು ಬೇರೆ. ಇಂಥ ಕಥೆಯಲ್ಲಿ ಕಪ್ಪಿಗಿಂತ ಕ್ಲಬ್ ಉಳಿಯುತ್ತದಾ ಇಲ್ಲವಾ ಅನ್ನುವುದೇ ದೊಡ್ಡ ಪ್ರಶ್ನೆ. ಈ ಯೋಚನೆ ಬಂದದ್ದು ಬ್ರಿಟನ್ನಿನ 'ರಾಯ್ ಆಫ್ ದ ರೋವರ್ಸ್' ಚಿತ್ರಕಥೆಯಿಂದ. ಅದರ ಮೆಲ್ಚೆಸ್ಟರ್ ರೋವರ್ಸ್ ಹಳೆಯ ಕಥೆಯಲ್ಲಿ ಗೆಲ್ಲುತ್ತಲೇ ಇದ್ದ ದೊಡ್ಡ ತಂಡ. 2018ರಲ್ಲಿ ಕಥೆಯನ್ನು ಮೊದಲಿನಿಂದ ಶುರು ಮಾಡಿದಾಗ ಅದೇ ತಂಡವನ್ನು ಇಂಗ್ಲೆಂಡಿನ ನಾಲ್ಕನೇ ಹಂತದ ಲೀಗಿನಲ್ಲಿ ತೋರಿಸಿದರು. ಕೈಯಲ್ಲಿ ದುಡ್ಡಿಲ್ಲ. ಮಾಲೀಕ ಒಳ್ಳೆಯ ಆಟಗಾರರನ್ನು ಮಾರಿಬಿಡುತ್ತಾನೆ. ಹಾಗಾಗಿ 16 ವರ್ಷದ ರಾಯ್ ರೇಸ್ ಮತ್ತು ಬೇರೆ ಹುಡುಗರಿಗೆ ದೊಡ್ಡ ತಂಡದಲ್ಲಿ ಜಾಗ ಸಿಗುತ್ತದೆ. ಮನೆಯಲ್ಲಿ ಅಪ್ಪನಿಗೆ ಕಾಯಿಲೆ ಬೇರೆ. ಅದನ್ನು ಓದುವಾಗ ಒಂದೊಂದು ಗೋಲಿಗೂ ಬೆಲೆ ಇದೆ ಅನಿಸಿತು. ಇವರು ಸೋತರೆ ನಾಳೆ ಏನಾಗುತ್ತದೆ ಅಂತ ನಿಜವಾಗಿ ಭಯವಾಗುತ್ತದೆ.

ನಮ್ಮ ಕ್ಲಬ್ಬನ್ನೂ ಹಾಗೆ ಬರೆಯಬೇಕು ಅಂತ ಆಸೆ. ಮಕ್ಕಳಿಗೆ ಕಪ್ ಕೊಡಲೇಬೇಕಾ? ನೀವೆಲ್ಲ ಏನಂತೀರಿ?

ಉಪ್ಪಳ ಗೋಲಿ

ಅಣ್ಣ, ಕೊಡಲೇಬೇಕು. ನಾನು ಗೋಲು ಕಾಯುವವ. ಸೋಲು ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇರೆಯವರು ಸೋತಾಗ ತಲೆ ತಗ್ಗಿಸಿ ನಡೆದುಬಿಡಬಹುದು. ಗೋಲಿ ಮಾತ್ರ ಬಲೆಯೊಳಗಿಂದ ಚೆಂಡು ಎತ್ತಿಕೊಂಡು ಬರಬೇಕು.

ನಮ್ಮ ಜಿಲ್ಲೆಯ ಮಕ್ಕಳು ಹುಟ್ಟಿದಾಗಿನಿಂದ ಒಂದೇ ಮಾತು ಕೇಳುತ್ತಾರೆ. ಕಾಸರಗೋಡು ಹಿಂದೆ, ಕಾಸರಗೋಡು ಕೊನೆ. ಒಳ್ಳೆ ಆಸ್ಪತ್ರೆ ಬೇಕಾದರೆ ಮಂಗಳೂರಿಗೆ ಹೋಗು. ಕಲಿಯಲು ಹೊರಗೆ ಹೋಗು. ಕೆಲಸಕ್ಕೆ ಗಲ್ಫಿಗೆ ಹೋಗು. ಚಿತ್ರಕಥೆಯಲ್ಲೂ ನಮ್ಮವರು ಸೋಲುತ್ತಲೇ ಇದ್ದರೆ ಆ ಮಕ್ಕಳಿಗೆ ಹೊಸದಾಗಿ ಏನು ಸಿಕ್ಕಿತು?

ನಿಜವಾದ ಫುಟ್ಬಾಲಿನಲ್ಲೇ ನೋಡಿ. 2022ರ ಏಪ್ರಿಲ್ 28ಕ್ಕೆ ಮಂಜೇರಿಯ ಪಯ್ಯನಾಡ್ ಸ್ಟೇಡಿಯಮಿನಲ್ಲಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಸೆಮಿಫೈನಲ್, ಕೇರಳ ಮತ್ತು ಕರ್ನಾಟಕ. ನಮ್ಮಂಥ ಗಡಿಯವರಿಗೆ ಯಾರಿಗೆ ಚಪ್ಪಾಳೆ ತಟ್ಟುವುದು ಅಂತ ಗೊತ್ತಾಗದ ಪಂದ್ಯ. ಮೊದಲ ಗೋಲು ಕರ್ನಾಟಕದ್ದು. ಆಮೇಲೆ ಬದಲಿ ಆಟಗಾರನಾಗಿ ಬಂದ ಜೆಸಿನ್ ಒಬ್ಬನೇ ಐದು ಗೋಲು ಹೊಡೆದ. ಕರ್ನಾಟಕ 7-3ರಿಂದ ಸೋತಿತು. ಏಳು ಗೋಲು! ಒಂದು ವರ್ಷ ಕೂಡ ಆಗಿರಲಿಲ್ಲ, 2023ರ ಮಾರ್ಚ್ 4ಕ್ಕೆ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಅದೇ ಕರ್ನಾಟಕ ಟ್ರೋಫಿ ಎತ್ತಿತು. ಅದಕ್ಕಿಂತ ಮೊದಲು ಗೆದ್ದದ್ದು 1968-69ರಲ್ಲಿ, ಆಗ ತಂಡದ ಹೆಸರು ಮೈಸೂರು. ಇದನ್ನು ನೀವು ಚಿತ್ರಕಥೆಯಲ್ಲಿ ಬಿಡಿಸಿದ್ದರೆ 'ಹೀಗೆಲ್ಲ ಆಗುತ್ತದಾ' ಅಂತ ಕೇಳುತ್ತಿದ್ದರು. ಆದರೆ ಆಯಿತಲ್ಲ.

ಶಿರಿಯ ಹೊಳೆ

ಪೆನ್ಸಿಲ್ ಅಣ್ಣ ಹಳೆಯ ರಾಯ್ ಬಗ್ಗೆ ಒಂದೇ ವಾಕ್ಯದಲ್ಲಿ ಮುಗಿಸಿದರು. ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಈ ಪ್ರಶ್ನೆಗೆ ಉತ್ತರ ಅಲ್ಲೂ ಇದೆ.

ಅದು ಶುರುವಾದದ್ದು 1954ರ ಸೆಪ್ಟೆಂಬರ್ 11ಕ್ಕೆ, 'ಟೈಗರ್' ಎಂಬ ಮಕ್ಕಳ ವಾರಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಬರೆದದ್ದು ಫ್ರಾಂಕ್ ಪೆಪ್ಪರ್, ಬಿಡಿಸಿದ್ದು ಜೋ ಕೊಲ್ಹೂನ್. ಆಗ ರಾಯ್ ಊರಿನ ಸಾಮಾನ್ಯ ಹುಡುಗ. ರೋವರ್ಸ್ ತಂಡದವರು ಅವನ ಆಟ ನೋಡಿ ಕರೆದುಕೊಂಡು ಹೋಗುತ್ತಾರೆ. ಅಲ್ಲಿಂದ ಲೀಗ್, ಕಪ್, ಮತ್ತೆ ಲೀಗ್, ಮತ್ತೆ ಕಪ್. ಎಷ್ಟು ಜನಪ್ರಿಯವಾಯಿತೆಂದರೆ 1976ರಲ್ಲಿ ರಾಯ್ ಹೆಸರಿನಲ್ಲೇ ಬೇರೆ ವಾರಪತ್ರಿಕೆ ಬಂತು.

ಗೆಲ್ಲುವ ತಂಡದ ಕಥೆಯಲ್ಲಿ ಒಂದು ಕಷ್ಟ ಇದೆ. ಗೆಲ್ಲುವುದು ಗ್ಯಾರಂಟಿ ಆದಮೇಲೆ ಓದುಗರನ್ನು ಹಿಡಿದಿಡಲು ಹೊರಗಿನಿಂದ ಏನಾದರೂ ತರಬೇಕಾಗುತ್ತದೆ. ರಜೆಯ ತಿಂಗಳಲ್ಲಿ ತಂಡ ಹೊರದೇಶಕ್ಕೆ ಹೋದರೆ ರಾಯ್‌ನ ಅಪಹರಣ ಆಗುತ್ತಿತ್ತು, ಅದೂ ಒಂದೆರಡು ಸಲ ಅಲ್ಲ. 1981ರಲ್ಲಿ ಅವನಿಗೆ ಗುಂಡು ಹೊಡೆಸಿದರು. 1986ರಲ್ಲಿ ಬಾಂಬ್ ದಾಳಿಯಲ್ಲಿ ತಂಡದ ಎಂಟು ಆಟಗಾರರು ಸತ್ತರು. 1993ರ ಮಾರ್ಚಿನಲ್ಲಿ ವಾರಪತ್ರಿಕೆ ನಿಂತಾಗ ಹೆಲಿಕಾಪ್ಟರ್ ಅಪಘಾತ, ರಾಯ್‌ನ ಎಡಪಾದವೇ ಹೋಯಿತು. ಗೋಲು ಹೊಡೆಯುತ್ತಿದ್ದ ಕಾಲು!

ನನಗೆ ಹಳೆಯ ಕಥೆಯಲ್ಲಿ ಇಷ್ಟವಾದದ್ದು ರೋವರ್ಸ್ ಎರಡನೇ ಡಿವಿಜನಿಗೆ ಬಿದ್ದ ಭಾಗ. ಅದೂ 1981ರಲ್ಲೇ. ಬಾಂಬೂ ಇಲ್ಲ, ಬಂದೂಕೂ ಇಲ್ಲ. ಒಂದು ತಂಡ ಚೆನ್ನಾಗಿ ಆಡಲಿಲ್ಲ, ಕೆಳಗೆ ಹೋಯಿತು, ಅಷ್ಟೇ. ನಾಯಕನಿಗೆ ಊರವರ ಮುಖ ನೋಡಲು ಆಗುವುದಿಲ್ಲ. ಅಂಥ ದುಃಖಕ್ಕೆ ಹೆಲಿಕಾಪ್ಟರ್ ಬೇಡ.

ಗೋಲಿ ಭಾಯಿ, ಗೆಲ್ಲಿಸಬಾರದು ಅಂತ ನಾನು ಹೇಳುವುದಿಲ್ಲ. ಒಂದು ಸಲ ಕಪ್ ಕೊಟ್ಟ ಮೇಲೆ ಮರುತಿಂಗಳು ಏನು ಬಿಡಿಸುತ್ತೀರಿ, ಅದನ್ನು ಮೊದಲೇ ಯೋಚಿಸಿ ಅಂತ ಹೇಳುತ್ತಿದ್ದೇನೆ.

ಮುಳ್ಳೇರಿಯ ಟೀಚರ್

ಮಕ್ಕಳು 'ಯಾವಾಗ ಗೆಲ್ಲುತ್ತಾರೆ' ಅಂತ ಕೇಳುವುದು ಬೇಸರ ಬಂದದ್ದಕ್ಕಲ್ಲ. ಕಥೆ ಅವರನ್ನು ಹಿಡಿದಿದೆ ಅಂತ ಅರ್ಥ. ಬೇಸರ ಬಂದ ಮಗು ಏನೂ ಕೇಳುವುದಿಲ್ಲ, ಪುಟ ತಿರುಗಿಸುತ್ತದೆ. ಇದು ತರಗತಿಯಲ್ಲಿ ದಿನಾ ಕಾಣುವ ವಿಷಯ.

ಸೋಲುವ ತಂಡದ ಮಾತು ಬಂದಾಗ ನನಗೆ ನೆನಪಾಗುವುದು 'ಪೀನಟ್ಸ್' ಕಾರ್ಟೂನಿನ ಚಾರ್ಲಿ ಬ್ರೌನ್. ಅವನದ್ದು ಬೇಸ್‌ಬಾಲ್, ಫುಟ್ಬಾಲ್ ಅಲ್ಲ. ಆದರೂ ಪ್ರಶ್ನೆ ಇದೇ. ಚಾರ್ಲ್ಸ್ ಶುಲ್ಜ್ 1950ರ ಅಕ್ಟೋಬರಿನಲ್ಲಿ ಶುರು ಮಾಡಿ 2000ದ ಫೆಬ್ರವರಿವರೆಗೆ ಅದನ್ನು ಬಿಡಿಸಿದರು. ಆ ಹುಡುಗನ ತಂಡ ಸೋಲುವುದಕ್ಕೇ ಹೆಸರಾಗಿತ್ತು. ಅವನ ಹೊಡೆತದಿಂದ ತಂಡ ಗೆದ್ದದ್ದು 1993ರ ಮಾರ್ಚ್ 30ರ ಕಂತಿನಲ್ಲಿ. 42 ವರ್ಷ ಕಾಯಿಸಿದರು! ಶಿರಿಯದವರು ಹೇಳಿದ ರಾಯ್ ಪತ್ರಿಕೆ ನಿಂತದ್ದೂ ಅದೇ ತಿಂಗಳು. ಒಂದು ಕಡೆ ಯಾವಾಗಲೂ ಗೆಲ್ಲುವವನ ಕಥೆ ಮುಗಿಯಿತು, ಇನ್ನೊಂದು ಕಡೆ ಯಾವಾಗಲೂ ಸೋಲುವವ ಗೆದ್ದ.

ಆ ಒಂದು ಹೊಡೆತಕ್ಕೆ ಅಷ್ಟು ಬೆಲೆ ಬಂದದ್ದು ಅದರ ಹಿಂದಿನ ವರ್ಷಗಳಿಂದ. ಹಾಗಂತ ಪೆನ್ಸಿಲ್ ಅವರೇ, ನೀವು 42 ವರ್ಷ ಕಾಯಿಸಬೇಡಿ. ಎಂಟನೇ ಕ್ಲಾಸಿನ ಮಕ್ಕಳು ಹೈಸ್ಕೂಲು ಮುಗಿಸಿ ಹೋಗಿಬಿಡುತ್ತಾರೆ. ಅವರು ಓದುತ್ತಿರುವಾಗಲೇ ಏನಾದರೂ ಕೊಡಿ.

ಕುಂಬಳೆ ಟು ಕರಾಮ

ಪೆನ್ಸಿಲ್ ಭಾಯಿ, ದುಬೈಯಲ್ಲಿ ಕುಳಿತು ನಿಮ್ಮ ಪೋಸ್ಟ್ ಓದಿದೆ. ಅಡಿಕೆ ಕಂಬ, ಮೀನಿನ ಬಲೆ ಓದುವಾಗ ಊರಿಗೇ ಹೋಗಿ ಬಂದ ಹಾಗಾಯಿತು. ಆದರೆ ನೀವು ಒಂದು ದೊಡ್ಡ ವಿಷಯ ಬಿಟ್ಟಿದ್ದೀರಿ. ನಮ್ಮ ಕಡೆ ತಂಡ ಸೋಲುವುದು ಯಾಕೆ? ಪೆನಾಲ್ಟಿ, ಬಸ್ಸು ಎಲ್ಲ ಸರಿ. ದೊಡ್ಡ ಕಾರಣ ವೀಸಾ.

ಹತ್ತೊಂಬತ್ತು ಇಪ್ಪತ್ತಕ್ಕೆ ಹುಡುಗನ ಕಾಲು ಪಳಗುತ್ತದೆ. ಯಾರಿಗೆ ಯಾವಾಗ ಪಾಸ್ ಕೊಡಬೇಕು ಅಂತ ಗೊತ್ತಾಗುತ್ತದೆ. ಸರಿಯಾಗಿ ಆಗಲೇ ವೀಸಾ ಬರುತ್ತದೆ. ಮನೆಯಲ್ಲಿ ತಂಗಿಯ ಮದುವೆ, ಮನೆ ಕಟ್ಟುವ ಸಾಲ. ಹೋಗಬೇಡ ಅಂತ ಹೇಳಲು ಯಾರಿಗೆ ಬಾಯಿ ಬರುತ್ತದೆ? ಇಡೀ ತಂಡ ಅವನನ್ನು ಕಳುಹಿಸಲು ಹೋಗುತ್ತದೆ. ಮರುದಿನ ಎಡಗಡೆಯಲ್ಲಿ ಆಡಲು ಜನ ಇಲ್ಲ. ಮತ್ತೆ ಹದಿನಾರರ ಹುಡುಗನನ್ನು ತಂದು ನಿಲ್ಲಿಸಬೇಕು. ರೋವರ್ಸ್‌ನ ಮಾಲೀಕ ಆಟಗಾರರನ್ನು ಮಾರಿದ ಅಂದಿರಿ. ನಮ್ಮಲ್ಲಿ ಯಾರೂ ಮಾರುವುದಿಲ್ಲ, ಆದರೂ ತಂಡ ಖಾಲಿ ಆಗುತ್ತದೆ. ಇಲ್ಲಿ ಖಳನಾಯಕ ಯಾರೂ ಇಲ್ಲ. ಇದು ಬರೆಯಲು ಕಷ್ಟ, ಆದರೆ ಇದೇ ನಮ್ಮ ಕಥೆ.

ಇನ್ನೊಂದು. ಹೋದವ ಕ್ಲಬ್ಬನ್ನು ಬಿಡುವುದಿಲ್ಲ. ಜೆರ್ಸಿ ದುಡ್ಡು ಇಲ್ಲಿಂದ ಬರುತ್ತದೆ. ಚೆಂಡು ಇಲ್ಲಿಂದ ಬರುತ್ತದೆ. ಶುಕ್ರವಾರ ರೂಮಿನಲ್ಲಿ ಎಲ್ಲ ಸೇರಿ ಫೋನಿನಲ್ಲಿ ಊರಿನ ಪಂದ್ಯ ನೋಡುತ್ತೇವೆ. ಸಿಗ್ನಲ್ ಹೋದಾಗ ಗೋಲು ಆಯಿತಾ ಇಲ್ಲವಾ ಅಂತ ಗೊತ್ತಾಗದೆ ಕುಳಿತುಕೊಳ್ಳುವುದಿದೆಯಲ್ಲ, ಅದನ್ನೂ ಬಿಡಿಸಿ.

ಕ್ಲಬ್ ಅಂದರೆ ಏನು ಅಂತಲೂ ತೋರಿಸಿ. ನಮ್ಮ ಊರಿನ 'ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್' ಬರೀ ಫುಟ್ಬಾಲಿಗಲ್ಲ. ಓಣಂಗೆ ಹಗ್ಗಜಗ್ಗಾಟ, ಸ್ವಾತಂತ್ರ್ಯ ದಿನಕ್ಕೆ ಪಾಯಸ, ರಕ್ತದಾನ, ಯಾರದ್ದಾದರೂ ಮನೆಗೆ ಮರ ಬಿದ್ದರೆ ಕಡಿಯಲು ಹೋಗುವುದು. ಕ್ಲಬ್ ರೂಮಿನಲ್ಲಿ ಕೇರಂ ಬೋರ್ಡ್, ಗೋಡೆಯಲ್ಲಿ ಹಳೇ ಗ್ರೂಪ್ ಫೋಟೋ. ಪಂದ್ಯ ಸೋತು ಬಂದ ರಾತ್ರಿಯೇ ಯಾರಿಗಾದರೂ ರಕ್ತ ಬೇಕು ಅಂತ ಕರೆ ಬಂದರೆ ಅದೇ ಹುಡುಗರು ಮಂಗಳೂರಿಗೆ ಹೋಗುತ್ತಾರೆ. ಅಂಥ ಕ್ಲಬ್ಬನ್ನು ಸೋತ ಕ್ಲಬ್ ಅಂತ ನನಗೆ ಹೇಳಲು ಬರುವುದಿಲ್ಲ.

ತ್ರಿಕರಿಪುರ ಬಸ್ಸು

ನಾನು ಕೆಲಸಕ್ಕೆ ಜಿಲ್ಲೆಯ ತೆಂಕು ಕಡೆಗೆ ಹೋಗುವವನು. ಅಲ್ಲಿ ಫುಟ್ಬಾಲ್ ಗಾಳಿಯಲ್ಲೇ ಇದೆ. ಕೇರಳ ಬ್ಲಾಸ್ಟರ್ಸ್‌ಗೆ ಆಡಿದ ಮಹಮ್ಮದ್ ರಾಫಿ ತ್ರಿಕರಿಪುರದವರು. 2016ರ ಡಿಸೆಂಬರ್ 18ಕ್ಕೆ ಕೊಚ್ಚಿಯಲ್ಲಿ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಇತ್ತು, ಕೋಲ್ಕತ್ತ ತಂಡದ ಮೇಲೆ. ಮೊದಲ ಗೋಲು ರಾಫಿಯದ್ದು, ತಲೆಯಿಂದ. ಕೋಲ್ಕತ್ತ ಸಮ ಮಾಡಿತು, ಆಮೇಲೆ ಪೆನಾಲ್ಟಿಯಲ್ಲಿ ಬ್ಲಾಸ್ಟರ್ಸ್ ಸೋತಿತು. ಕಪ್ ಹೋಯಿತು, ಆ ಗೋಲು ಉಳಿಯಿತು. ನಮ್ಮ ಜಿಲ್ಲೆಯವನು ಫೈನಲ್ಲಿನಲ್ಲಿ ಗೋಲು ಹೊಡೆದ ಅಂತ ಅಲ್ಲಿನ ಮಕ್ಕಳು ಈಗಲೂ ಹೇಳುತ್ತಾರೆ. ಸೋತ ಪಂದ್ಯದಲ್ಲೂ ಮಕ್ಕಳಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ, ಅದನ್ನು ನೀವು ಕೊಡಬೇಕು.

ಸೆವೆನ್ಸ್ ಬಿಡಿಸುವಾಗ ಕೆಲವು ವಿಷಯ ಗಮನಿಸಿ. ನಮ್ಮಲ್ಲಿ ಅದು ಮಳೆ ಮುಗಿದ ಮೇಲೆ ಶುರುವಾಗುವ ಆಟ. ರಾತ್ರಿ ಲೈಟಿನ ಕೆಳಗೆ ಪಂದ್ಯ, ಟಿಕೆಟು, ಮರದ ಗ್ಯಾಲರಿ. ಪ್ರೇಕ್ಷಕ ಗೆರೆಯ ಪಕ್ಕದಲ್ಲೇ ಇರುತ್ತಾನೆ, ಥ್ರೋ ಮಾಡುವವನಿಗೆ ಬೆನ್ನು ತಟ್ಟುವಷ್ಟು ಹತ್ತಿರ. ಮೈದಾನ ಚಿಕ್ಕದು. ಹಾಗಾಗಿ ಚೆಂಡು ನಿಲ್ಲುವುದೇ ಇಲ್ಲ, ಆ ಗೋಲಿನಿಂದ ಈ ಗೋಲಿಗೆ ಹೋಗುತ್ತಲೇ ಇರುತ್ತದೆ. ದೊಡ್ಡ ತಂಡಗಳು ನೈಜೀರಿಯ, ಘಾನ, ಐವರಿ ಕೋಸ್ಟ್ ಕಡೆಯ ಆಟಗಾರರನ್ನು ಸೀಸನ್ನಿಗೆ ಕರೆಸುತ್ತವೆ. ಪದವಿನ ಹುಡುಗರು ಅಂಥವರ ಎದುರು ನಿಂತಾಗ ಸೋಲುವುದು ಸಹಜ.

ಒಂದು ವಿನಂತಿ. ಆ ಹೊರದೇಶದ ಆಟಗಾರರನ್ನು ರಾಕ್ಷಸರ ಹಾಗೆ ಬಿಡಿಸಬೇಡಿ. ಅವರೂ ಮನೆ ಬಿಟ್ಟು ದುಡಿಯಲು ಬಂದವರು. ಕರಾಮ ಭಾಯಿಯ ಹಾಗೆಯೇ, ಬೇರೆ ದಿಕ್ಕಿನಿಂದ ಅಷ್ಟೇ. ನಮ್ಮ ಕ್ಲಬ್ಬಿನ ಹುಡುಗ ಅವರಲ್ಲಿ ಒಬ್ಬನ ಜೊತೆ ಪಂದ್ಯ ಮುಗಿದ ಮೇಲೆ ಚಹಾ ಕುಡಿಯಲಿ.

ಪದವಿನ ಪೆನ್ಸಿಲ್

ಕರಾಮ ಭಾಯಿ, ವೀಸಾದ ಮಾತು ಓದಿ ಆ ರಾತ್ರಿಯೇ ಎರಡು ಪುಟ ಬಿಡಿಸಿದೆ. ನಮ್ಮ ಕ್ಲಬ್ಬಿನ ಎಡಗಾಲಿನ ಹುಡುಗ ಮುಂದಿನ ಸಂಚಿಕೆಯಲ್ಲಿ ಶಾರ್ಜಾಕ್ಕೆ ಹೋಗುತ್ತಾನೆ. ಅವನ ಬೂಟು ಯಾರಿಗೆ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ.

ತ್ರಿಕರಿಪುರದ ಅಣ್ಣ, ಚಹಾದ ದೃಶ್ಯ ಖಂಡಿತ ಹಾಕುತ್ತೇನೆ.

ಹಳೇ ಬಾಲಮಂಗಳ

ನಾನು ಚಿಕ್ಕಂದಿನಲ್ಲಿ ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನನ್ನು ಓದಿ ಬೆಳೆದವನು. ಡಿಂಗ ಬಂದ ಅಂದರೆ ಸಮಸ್ಯೆ ಮುಗಿಯಿತು. ಅದು ಆ ಕಥೆಯ ಸಂತೋಷ. ಫುಟ್ಬಾಲ್ ಕಥೆಯಲ್ಲಿ ಡಿಂಗ ಬರಬಾರದು. ಏಳು ಜನರಲ್ಲಿ ಒಬ್ಬ ಡಿಂಗ ಆದರೆ ಉಳಿದ ಆರು ಮಂದಿ ಯಾಕೆ?

ಜಪಾನಿನ ಎರಡು ಚಿತ್ರಕಥೆಗಳನ್ನು ನೋಡಿ. ಒಂದು 'ಕ್ಯಾಪ್ಟನ್ ತ್ಸುಬಾಸಾ'. ಯೋಯಿಚಿ ತಕಹಾಶಿ ಅದನ್ನು 1981ರಲ್ಲಿ ಶುರು ಮಾಡಿದಾಗ ಜಪಾನಿನಲ್ಲಿ ವೃತ್ತಿಪರ ಲೀಗೇ ಇರಲಿಲ್ಲ. ಜೆ-ಲೀಗ್ ಶುರುವಾದದ್ದು 1993ರಲ್ಲಿ. ನಾಯಕ ತ್ಸುಬಾಸಾ ದೊಡ್ಡ ಪ್ರತಿಭೆ, ಅವನದ್ದು ಗೆಲ್ಲುವ ಕಥೆ. ಆದರೆ ನನ್ನ ಮೆಚ್ಚಿನ ತಂಡ ಅದರಲ್ಲಿ ಬರುವ ಫುರಾನೊ. ಹಿಮ ಬೀಳುವ ಹೊಕ್ಕೈಡೊ ದ್ವೀಪದ ಶಾಲೆಯ ಮಕ್ಕಳು. ಮತ್ಸುಯಾಮ ಅನ್ನುವ ನಾಯಕ ಇದ್ದಾನೆ, ಆದರೆ ಅವರು ಆಡುವುದು ಒಟ್ಟಾಗಿ. ಬೇರೆ ತಂಡಗಳಲ್ಲಿ ಒಬ್ಬನ ಕಾಲು ನೆನಪಿರುತ್ತದೆ. ಫುರಾನೊದಲ್ಲಿ ತಂಡ ನೆನಪಿರುತ್ತದೆ.

ಇನ್ನೊಂದು 'ಜೈಂಟ್ ಕಿಲ್ಲಿಂಗ್'. ಇದು 2007ರಲ್ಲಿ ಶುರುವಾಯಿತು, ದೊಡ್ಡವರ ಪತ್ರಿಕೆಯಲ್ಲಿ. ಈಸ್ಟ್ ಟೋಕಿಯೊ ಯುನೈಟೆಡ್ ಅನ್ನುವ ಕಾಲ್ಪನಿಕ ಕ್ಲಬ್ ಕೆಳಗೆ ಬೀಳುವ ಅಂಚಿನಲ್ಲಿದೆ. ಹಿಂದೆ ಅಲ್ಲೇ ಆಡುತ್ತಿದ್ದ ತತ್ಸುಮಿ ಕೋಚ್ ಆಗಿ ವಾಪಸ್ ಬರುತ್ತಾನೆ. ಬಂದ ಕೂಡಲೇ ಗೆಲ್ಲುವುದಿಲ್ಲ. ಇಲ್ಲಿ ಪೆನ್ಸಿಲ್ ಅವರು ಕಲಿಯಬೇಕಾದದ್ದು ಒಂದಿದೆ. ಆ ಕಥೆಯಲ್ಲಿ ಆಟಗಾರರಷ್ಟೇ ಜಾಗ ಕಚೇರಿಯಲ್ಲಿ ಕೆಲಸ ಮಾಡುವವರಿಗೆ, ಹಳೇ ಅಭಿಮಾನಿಗಳಿಗೆ, ಕೂಗುವ ಹುಡುಗರಿಗೆ ಇದೆ. ತಂಡ ಸೋತರೆ ಅವರು ಬೈಯುತ್ತಾರೆ, ಮತ್ತೆ ಮುಂದಿನ ಪಂದ್ಯಕ್ಕೆ ಬರುತ್ತಾರೆ. ನಿಮ್ಮ ಕಥೆಗೆ ಕ್ಲಬ್ಬಿನ ಖಜಾಂಚಿ ಬೇಕೇ ಬೇಕು. ರಶೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಹತ್ತಿ ಇಳಿಯುವವ. ಟೂರ್ನಮೆಂಟಿಗೆ ಎಂಟ್ರಿ ಫೀಸು, ಜೀಪಿನ ಬಾಡಿಗೆ, ಮೊಣಕಾಲಿಗೆ ಹಚ್ಚುವ ಸ್ಪ್ರೇ, ಎಲ್ಲ ಅವನ ಲೆಕ್ಕದಲ್ಲಿ. ಮೊದಲ ಸುತ್ತು ಗೆದ್ದರೆ ಇನ್ನೊಂದು ಸಲ ಜೀಪು ಮಾಡಬೇಕು. ಗೋಲು ಆದಾಗ ಎಲ್ಲರೂ ಕುಣಿಯುತ್ತಾರೆ, ಅವನೂ ಕುಣಿಯುತ್ತಾನೆ, ಆದರೆ ಜೇಬು ಮುಟ್ಟಿ ನೋಡಿಕೊಂಡು.

ಬಿಡಿಸುವ ಬಗ್ಗೆಯೂ ಎರಡು ಮಾತು. ಫುಟ್ಬಾಲಿನಲ್ಲಿ ಎಲ್ಲರೂ ಓಡುತ್ತಿರುತ್ತಾರೆ. ಎಲ್ಲರನ್ನೂ ಎಲ್ಲ ಚೌಕದಲ್ಲೂ ಬಿಡಿಸಲು ಹೋದರೆ ಕಣ್ಣಿಗೆ ಏನೂ ಸಿಗುವುದಿಲ್ಲ. ಪುಟಕ್ಕೊಂದು ದೊಡ್ಡ ಚೌಕದಲ್ಲಿ ಮೈದಾನ ಪೂರ್ತಿ ಕಾಣಲಿ. ಉಳಿದದ್ದರಲ್ಲಿ ಕಾಲು, ಮುಖ, ಚೆಂಡು ಸಾಕು. ನಮ್ಮ ತಂಡ ಯಾವಾಗಲೂ ಎಡದಿಂದ ಬಲಕ್ಕೆ ಓಡಲಿ, ಓದುವ ಕಣ್ಣು ಹೋಗುವುದೂ ಹಾಗೆಯೇ. ಎದುರಾಳಿ ಬಲದಿಂದ ಬರುವಾಗ ತಡೆದ ಹಾಗೆ ಅನಿಸುತ್ತದೆ. ಹಳೆಯ ರಾಯ್ ಕಥೆಯಲ್ಲಿ ಪ್ರೇಕ್ಷಕರೇ ಮಾತಿನ ಗುಳ್ಳೆಗಳಲ್ಲಿ ಕಮೆಂಟರಿ ಹೇಳುತ್ತಿದ್ದರು. ಅದು ಉಪಯೋಗದ ಉಪಾಯ. ನಮ್ಮ ಗ್ಯಾಲರಿಯವರು ಅದಕ್ಕಿಂತ ಜಾಸ್ತಿ ಮಾತಾಡುತ್ತಾರೆ.

ಮುಳ್ಳೇರಿಯ ಟೀಚರ್

ಏಳೂ ಜನ ಹುಡುಗರೇ ಯಾಕೆ ಅಂತ ನಮ್ಮ ಶಾಲೆಯ ಹೆಣ್ಣುಮಕ್ಕಳು ಕೇಳುತ್ತಾರೆ. ಅವರಿಗೆ ಏನು ಹೇಳಲಿ?

2018ರ ಹೊಸ ರಾಯ್ ಕಥೆಯಲ್ಲಿ ಅವನ ತಂಗಿ ರಾಕಿಯೂ ಆಟಗಾರ್ತಿ. ಸುಮ್ನೆ ಚಪ್ಪಾಳೆ ತಟ್ಟಲು ಇಟ್ಟ ಪಾತ್ರ ಅಲ್ಲ, ಅವಳಿಗೆ ಅವಳದೇ ಆಟ ಇದೆ. ನಮ್ಮಲ್ಲೂ ಉದಾಹರಣೆ ಬೇಕಾದರೆ ನೀಲೇಶ್ವರದ ಹತ್ತಿರದ ಬಂಗಳಂಗೆ ಹೋಗಿ. ಅಲ್ಲಿಯ ಮಾಳವಿಕಾ 2025ರಲ್ಲಿ ಭಾರತದ ಮಹಿಳಾ ತಂಡಕ್ಕೆ ಆಡಿದರು. ಏಷ್ಯನ್ ಕಪ್ ಅರ್ಹತಾ ಪಂದ್ಯದಲ್ಲಿ ಮಂಗೋಲಿಯವನ್ನು ಭಾರತ 13-0ರಿಂದ ಸೋಲಿಸಿದಾಗ ಅದರಲ್ಲಿ ಅವರದ್ದೂ ಒಂದು ಗೋಲು. ಆಮೇಲೆ ಥಾಯ್ಲೆಂಡನ್ನು ಸೋಲಿಸಿ ತಂಡ 2026ರ ಏಷ್ಯನ್ ಕಪ್ಪಿಗೆ ಹೋಯಿತು. ಇದೇ ಜಿಲ್ಲೆಯ ಹುಡುಗಿ! ಬೆಳಿಗ್ಗೆ ಅಸೆಂಬ್ಲಿಯಲ್ಲಿ ಇದನ್ನು ಓದಿ ಹೇಳಿದಾಗ ನನ್ನ ಧ್ವನಿ ನಡುಗಿತು.

ಶಾರ್ಜಾಕ್ಕೆ ಹೋದವನ ಬೂಟು ಯಾರಿಗೆ ಅಂತ ಕೇಳಿದಿರಲ್ಲ. ಅವನ ತಂಗಿಗೆ ಕೊಡಿ.

ಉಪ್ಪಳ ಗೋಲಿ

ತಂಗಿಗೆ ಬೂಟು ಕೊಡುವುದು ತುಂಬಾ ಒಳ್ಳೆಯ ಯೋಚನೆ, ಟೀಚರೇ. ನನ್ನ ತಂಗಿಯೂ ಆಡುತ್ತಿದ್ದಳು. ಹೈಸ್ಕೂಲ್ ಆದಮೇಲೆ ಅವಳಿಗೆ ಆಡಲು ತಂಡವೇ ಸಿಗಲಿಲ್ಲ.

ಆದರೂ ನನ್ನ ಮಾತನ್ನು ನಾನು ಬಿಡುವುದಿಲ್ಲ. ರಕ್ತದಾನ, ಖಜಾಂಚಿ, ಬೂಟು, ಎಲ್ಲ ಇರಲಿ. ಆದರೆ ಹುಡುಗರು ಮೈದಾನಕ್ಕೆ ಇಳಿಯುವುದು ಗೆಲ್ಲಲು. ಸೋಲಿನಲ್ಲಿ ಎಷ್ಟು ಸೊಗಸಿದೆ ಅಂತ ನಾವು ದೊಡ್ಡವರು ಹೇಳುತ್ತಾ ಹೋದರೆ ಅದು ಆಡುವವರಿಗೆ ಅನ್ಯಾಯ. ಸೋತ ರಾತ್ರಿ ಜೀಪಿನಲ್ಲಿ ಯಾರೂ ಮಾತಾಡುವುದಿಲ್ಲ. ಮನೆಗೆ ಬಂದರೆ ಊಟ ಸೇರುವುದಿಲ್ಲ. ಅದು ಸೊಗಸಲ್ಲ. ಅದನ್ನು ಅನುಭವಿಸಿದವನಿಗೆ ಒಂದು ಗೆಲುವು ಬಾಕಿ ಇದೆ.

ಶಿರಿಯ ಹೊಳೆ

ಗೋಲಿ ಭಾಯಿ ಹೇಳಿದ್ದರಲ್ಲಿ ಸತ್ಯ ಇದೆ. ಸೋಲನ್ನು ಅಲಂಕಾರ ಮಾಡಬಾರದು.

ಮಾತಿನ ಗುಳ್ಳೆಗಳ ಬಗ್ಗೆ ಒಂದು ಸಲಹೆ. ನಿಮ್ಮ ಏಳು ಜನ ಎಲ್ಲರೂ ಶುದ್ಧ ಕನ್ನಡ ಮಾತಾಡಿದರೆ ಅದು ನಮ್ಮ ಮೈದಾನ ಆಗುವುದಿಲ್ಲ. ಒಬ್ಬ ತುಳುವಿನಲ್ಲಿ 'ಪಾಸ್ ಕೊರ್ಲ' ಅನ್ನಲಿ, ಇನ್ನೊಬ್ಬ ಮಲಯಾಳದಲ್ಲಿ 'ಅಡಿಯೆಡಾ' ಅನ್ನಲಿ, ಮರಾಠಿ ಮನೆಯ ಹುಡುಗನೂ ಒಬ್ಬ ಇರಲಿ. ಕೆಳಗೆ ಅರ್ಥ ಬರೆಯಬೇಡಿ. ನಮ್ಮ ಮಕ್ಕಳಿಗೆ ಎಲ್ಲ ಅರ್ಥ ಆಗುತ್ತದೆ.

ಪದವಿನ ಪೆನ್ಸಿಲ್

ಎಲ್ಲರದ್ದನ್ನೂ ಎರಡೆರಡು ಸಲ ಓದಿದೆ. ಹೀಗೆ ಮಾಡುತ್ತೇನೆ.

ಕಪ್ ಕೊಡುವುದಿಲ್ಲ. ಆದರೆ ಗೋಲಿ ಭಾಯಿ ಕೇಳಿದ ಗೆಲುವು ಕೊಡುತ್ತೇನೆ. ಬೇಸಗೆ ರಜೆಯ ಸಂಚಿಕೆಯಲ್ಲಿ ನಮ್ಮ ಕ್ಲಬ್ ಮೊದಲ ಸುತ್ತಿನ ಪಂದ್ಯ ಗೆಲ್ಲುತ್ತದೆ. 1-0. ಗೋಲು ಹೊಡೆಯುವವ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ, ಈವರೆಗೆ ಅವನಿಗೆ ನಾನು ಸರಿಯಾಗಿ ಮುಖ ಕೂಡ ಬಿಡಿಸಿಲ್ಲ. ಖಜಾಂಚಿಗೆ ಎರಡನೇ ಜೀಪಿನ ಚಿಂತೆ ಶುರುವಾಗುತ್ತದೆ. ದುಬೈ ರೂಮಿನಲ್ಲಿ ಸಿಗ್ನಲ್ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ದೊಡ್ಡ ತಂಡದ ಮೇಲೆ ಸೋಲುತ್ತಾರೆ. ಜೀಪಿನಲ್ಲಿ ಯಾರೂ ಮಾತಾಡುವುದಿಲ್ಲ ಅಂತ ನೀವು ಹೇಳಿದಿರಲ್ಲ ಭಾಯಿ, ಅದನ್ನು ಹಾಗೆಯೇ ಬಿಡಿಸುತ್ತೇನೆ, ಮಾತಿನ ಗುಳ್ಳೆ ಇಲ್ಲದ ಒಂದು ಪುಟ.

ಮಳೆಗಾಲದ ಸಂಚಿಕೆಗಳಲ್ಲಿ ತಂಗಿಯ ಕಥೆ. ಅವಳಿಗೆ ಬೂಟು ದೊಡ್ಡದಾಗುತ್ತದೆ, ಒಳಗೆ ಬಟ್ಟೆ ತುರುಕಿ ಆಡುತ್ತಾಳೆ. ಅವಳಿಗೆ ತಂಡ ಎಲ್ಲಿಂದ ತರುವುದು ಅನ್ನುವುದೇ ಮುಂದಿನ ವರ್ಷದ ಕಥೆ.

ಒಂದು ಸಹಾಯ ಬೇಕು. ಗೋಲಿಯ ಪಾತ್ರ ನನಗೆ ಸರಿಯಾಗಿ ಬರುತ್ತಿಲ್ಲ. ಸುಮ್ನೆ ಕೈ ಚಾಚಿ ಹಾರುವವನ ಹಾಗೆ ಕಾಣುತ್ತಾನೆ.

ಉಪ್ಪಳ ಗೋಲಿ

1-0 ಸಾಲದು, ಒಂದು ಕಪ್ ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಮುಂದಿನ ವರ್ಷ ತಂಗಿಯ ತಂಡದ ಕಥೆ ಬರುವಾಗ ಮತ್ತೆ ಕೇಳುತ್ತೇನೆ.

ಗೋಲಿ ಹಾರುವುದು ಕಡಿಮೆ ಅಣ್ಣ. ಮುರಕಲ್ಲಿನ ಮೇಲೆ ಯಾರು ಹಾರುತ್ತಾರೆ? ಸೆವೆನ್ಸ್‌ನಲ್ಲಿ ಹೊಡೆತ ಹತ್ತಿರದಿಂದ ಬರುತ್ತದೆ, ಹಾರಲು ಸಮಯವೇ ಇಲ್ಲ. ಮೊಣಕಾಲು ಸ್ವಲ್ಪ ಮಡಚಿ, ಕೈ ಕೆಳಗೆ ಅಗಲಿಸಿ, ಎರಡು ಹೆಜ್ಜೆ ಮುಂದೆ ಬಂದು ನಿಲ್ಲಿಸಿ. ಮುಂದೆ ಬಂದಷ್ಟೂ ಹೊಡೆಯುವವನಿಗೆ ಗೋಲು ಚಿಕ್ಕದಾಗಿ ಕಾಣುತ್ತದೆ. ಹೆಚ್ಚು ತಡೆಯುವುದು ಕಾಲಿನಿಂದ, ಎದೆಯಿಂದ. ಪ್ಯಾಂಟಿನ ಮೊಣಕಾಲಿಗೆ ಒಳಗಿನಿಂದ ಹಳೇ ಸ್ಪಾಂಜು ಹೊಲಿದಿರಲಿ. ಬಾಯಿ ಯಾವಾಗಲೂ ತೆರೆದಿರಲಿ, ಗೋಲಿ ಕೂಗುತ್ತಲೇ ಇರುತ್ತಾನೆ. ಪೆನಾಲ್ಟಿ ಬಿಡಿಸುವಾಗ ಅವನ ಕಣ್ಣು ಹೊಡೆಯುವವನ ಊರಿದ ಕಾಲಿನ ಕಡೆ ಇರಲಿ, ಆ ಪಾದ ಯಾವ ಕಡೆ ತಿರುಗುತ್ತದೋ ಹೆಚ್ಚಾಗಿ ಚೆಂಡೂ ಅದೇ ಕಡೆ. ಕೈಗವಸು ಎರಡೂ ಒಂದೇ ಜೋಡಿಯದ್ದು ಆಗಿರುವುದು ಬೇಡ. ಭಾನುವಾರ ಬೆಳಿಗ್ಗೆ ನಾವು ಆಡುತ್ತೇವೆ. ಪೆನ್ಸಿಲ್ ಹಿಡಿದುಕೊಂಡು ಬನ್ನಿ, ಗೋಲಿನ ಹಿಂದೆ ಕುಳಿತುಕೊಳ್ಳಿ.